ಬಾಗಿಲು ಮುಚ್ಚಿದ ಮೇಲೆ ಅಪ್ಪಣೆ ಯಾರದು? ಕೊರಿಯನ್ ಏರ್ 086ರ ಪ್ರಕರಣ

2014ರ ಡಿಸೆಂಬರ್ 5, ನಡುರಾತ್ರಿ ದಾಟಿದ ಹೊತ್ತು. ನ್ಯೂಯಾರ್ಕಿನ ಜಾನ್ ಎಫ್. ಕೆನಡಿ ವಿಮಾನ ನಿಲ್ದಾಣದಿಂದ ದಕ್ಷಿಣ ಕೊರಿಯಾದ ಇಂಚಿಯಾನ್‌ಗೆ ಹೊರಡಲಿದ್ದ ಕೊರಿಯನ್ ಏರ್ ವಿಮಾನ ಕೆಇ 086 ಸಿದ್ಧವಾಗಿ ನಿಂತಿತ್ತು. ಎರಡು ಅಂತಸ್ತಿನ ಏರ್‌ಬಸ್ ಎ380. ಒಳಗೆ ಸುಮಾರು 250 ಪ್ರಯಾಣಿಕರು. ಪ್ರಥಮ ದರ್ಜೆಯಲ್ಲಿ ಇದ್ದವರು ಇಬ್ಬರೇ. ಅವರಲ್ಲಿ ಒಬ್ಬರು ಚೋ ಹ್ಯುನ್-ಆ. ಕೊರಿಯನ್ ಏರ್‌ನ ಉಪಾಧ್ಯಕ್ಷೆ, ಕಂಪನಿಯ ಅಧ್ಯಕ್ಷ ಚೋ ಯಾಂಗ್-ಹೋ ಅವರ ಹಿರಿಯ ಮಗಳು, ವಿಮಾನದೊಳಗಿನ ಸೇವೆಯ ಇಡೀ ವಿಭಾಗಕ್ಕೆ ಮುಖ್ಯಸ್ಥೆ. ಆ ರಾತ್ರಿ ಮಾತ್ರ ಅವರು ಕರ್ತವ್ಯದ ಮೇಲೆ ಬಂದವರಲ್ಲ, ಸೀಟಿನಲ್ಲಿ ಕುಳಿತ ಪ್ರಯಾಣಿಕರು. ಈ ಪ್ರಕರಣವನ್ನು ಓದುವವರು ಕೊನೆಯವರೆಗೂ ಮರೆಯಬಾರದ ಸಂಗತಿ ಇದು.

ಗಗನಸಖಿಯೊಬ್ಬರು ಪಾನೀಯದ ಜೊತೆ ಮೆಕಡೇಮಿಯಾ ಬೀಜಗಳ ಪೊಟ್ಟಣವನ್ನು ಟ್ರೇಯಲ್ಲಿ ತಂದು, ಬೇಕೇ ಎಂದು ವಿಚಾರಿಸಿದರು. ಪೊಟ್ಟಣ ಒಡೆದಿರಲಿಲ್ಲ. ಬೀಜಗಳನ್ನು ಬಟ್ಟಲಿಗೆ ಹಾಕಿ ತರಬೇಕಿತ್ತು, ಪೊಟ್ಟಣದಲ್ಲೇ ತಂದು ಕೊಡುವುದು ಯಾವ ಪದ್ಧತಿ ಎಂದು ಉಪಾಧ್ಯಕ್ಷೆ ಸಿಡುಕಿದರು. ನಿಯಮ ಪುಸ್ತಕ ತರಿಸಿದರು. ಕ್ಯಾಬಿನ್ ಸಿಬ್ಬಂದಿಯ ಮುಖ್ಯಸ್ಥರಾದ ಪರ್ಸರ್ ಪಾರ್ಕ್ ಚಾಂಗ್-ಜಿನ್ ಬಂದರು. ಮುಂದಿನ ಕೆಲವು ನಿಮಿಷಗಳಲ್ಲಿ ನಡೆದದ್ದು ನ್ಯಾಯಾಲಯದ ದಾಖಲೆಯಲ್ಲಿ ವಿವರವಾಗಿದೆ. ಪರ್ಸರ್ ಮತ್ತು ಆ ಗಗನಸಖಿ ಇಬ್ಬರೂ ಮಂಡಿಯೂರಿದರು. ಉಪಾಧ್ಯಕ್ಷೆ ಕೈಪಿಡಿಯ ಕೇಸಿನ ಅಂಚಿನಿಂದ ಪರ್ಸರ್ ಅವರ ಕೈಯ ಹಿಂಬದಿಗೆ ಮತ್ತೆ ಮತ್ತೆ ಹೊಡೆದರು. ಗಗನಸಖಿಯನ್ನು ತಳ್ಳಿದರು. ಈ ವಿಮಾನ ಹೋಗಕೂಡದು, ಈಗಲೇ ನಿಲ್ಲಿಸಿ, ಇವಳನ್ನು ಕೆಳಗಿಳಿಸಿ ಎಂದರು.

ಆ ಹೊತ್ತಿಗೆ ಬಾಗಿಲುಗಳು ಮುಚ್ಚಿದ್ದವು. ಟಗ್ ವಾಹನ ವಿಮಾನವನ್ನು ಗೇಟಿನಿಂದ ಹಿಂದಕ್ಕೆ ತಳ್ಳಲು ಶುರುಮಾಡಿತ್ತು. ವಿಮಾನ ಚಲಿಸುತ್ತಿದೆ, ನಿಲ್ಲಿಸಲಾಗದು ಎಂದು ಪರ್ಸರ್ ಹೇಳಿ ನೋಡಿದರು. ನನಗೇ ಎದುರುತ್ತರವೇ ಎಂಬ ಗದರಿಕೆ ಬಂತು. ಅವರು ಇಂಟರ್‌ಫೋನ್ ಎತ್ತಿಕೊಂಡು ಕ್ಯಾಪ್ಟನ್‌ಗೆ ವಿಷಯ ಮುಟ್ಟಿಸಿದರು. ಸುಮಾರು 17 ಮೀಟರ್ ಹಿಂದಕ್ಕೆ ಸರಿದಿದ್ದ ವಿಮಾನ ನಿಂತಿತು, ಆಮೇಲೆ ಗೇಟಿಗೆ ಮರಳಿತು.

ಇದರ ನಡುವೆಯೇ ಇನ್ನೊಂದು ಸಂಗತಿ ಹೊರಬಿತ್ತು. ಕಂಪನಿಯ ತಿದ್ದುಪಡಿಯಾದ ನಿಯಮದ ಪ್ರಕಾರ ಗಗನಸಖಿ ಮಾಡಿದ್ದೇ ಸರಿ. ಮೊದಲು ಪೊಟ್ಟಣ ತೋರಿಸಿ ಕೇಳಬೇಕು, ಪ್ರಯಾಣಿಕರು ಬೇಕೆಂದರೆ ಒಳಗೆ ಹೋಗಿ ಬಟ್ಟಲಿಗೆ ಹಾಕಿ ತರಬೇಕು. ತಮ್ಮದೇ ವಿಭಾಗದ ನಿಯಮ ಆ ವಿಭಾಗದ ಮುಖ್ಯಸ್ಥೆಗೆ ತಿಳಿದಿರಲಿಲ್ಲ. ಹೀಗೆ ತಪ್ಪು ತಮ್ಮ ಕಡೆಗೇ ತಿರುಗಿದ್ದು ಗೊತ್ತಾದ ಮೇಲೂ ಅವರು ಹಿಂಜರಿಯಲಿಲ್ಲ. ಇದನ್ನು ಮೊದಲೇ ನನಗೆ ಸರಿಯಾಗಿ ಹೇಳದಿದ್ದ ನಿನ್ನದೇ ತಪ್ಪು ಎಂದು ಸಿಟ್ಟನ್ನು ಪರ್ಸರ್ ಮೇಲೆ ಹೊರಳಿಸಿದರು. ಕೊನೆಗೆ ವಿಮಾನದಿಂದ ಇಳಿದವರು ಪಾರ್ಕ್. ಅವರನ್ನು ನ್ಯೂಯಾರ್ಕಿನಲ್ಲೇ ಬಿಟ್ಟು ವಿಮಾನ ಹೊರಟಿತು. ಇಂಚಿಯಾನ್ ತಲುಪಿದ್ದು 11 ನಿಮಿಷ ತಡವಾಗಿ.

ಹನ್ನೊಂದೇ ನಿಮಿಷ. ಯಾರಿಗೂ ಜೀವಹಾನಿಯಾಗಲಿಲ್ಲ, ವಿಮಾನಕ್ಕೆ ಗೀರೂ ಬೀಳಲಿಲ್ಲ. ಹಾಗಾಗಿಯೇ ಜಗತ್ತಿನ ಪತ್ರಿಕೆಗಳು ಇದನ್ನು ಬೀಜದ ಜಗಳವೆಂದು ಕರೆದು ನಕ್ಕವು. ಆ ನಗುವಿನಲ್ಲಿ ಮುಖ್ಯ ವಿಷಯ ಮುಚ್ಚಿಹೋಯಿತು. ಒಂದು ವಿಮಾನ ಯಾವಾಗ ಚಲಿಸಬೇಕು, ಯಾವಾಗ ನಿಲ್ಲಬೇಕು, ಅದರೊಳಗೆ ಯಾವ ಸಿಬ್ಬಂದಿ ಇರಬೇಕು ಎಂಬುದನ್ನು ಆ ರಾತ್ರಿ ನಿರ್ಧರಿಸಿದವರು ಕ್ಯಾಪ್ಟನ್ ಅಲ್ಲ, ಸೀಟಿನಲ್ಲಿ ಕುಳಿತ ಒಬ್ಬ ಪ್ರಯಾಣಿಕರು. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಗಂಭೀರವಾಗಿ ಕಾಣುವುದು ಇದೇ.

ಕ್ಯಾಪ್ಟನ್‌ನ ಮಾತು ಕೊನೆಯ ಮಾತು ಏಕೆ

ವಿಮಾನಯಾನದಲ್ಲಿ ಕ್ಯಾಪ್ಟನ್‌ಗೆ ಇರುವ ಅಧಿಕಾರ ಗೌರವಕ್ಕಾಗಿ ಕೊಟ್ಟ ಪದವಿಯಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳಲ್ಲಿ ಇದು ನೇರವಾಗಿದೆ: ತಾನು ಹೊಣೆ ಹೊತ್ತಿರುವಷ್ಟು ಕಾಲ ವಿಮಾನದ ಬಗ್ಗೆ ಕೊನೆಯ ತೀರ್ಮಾನ ಪೈಲಟ್-ಇನ್-ಕಮಾಂಡ್ ಅವರದು. 1963ರ ಟೋಕಿಯೊ ಒಪ್ಪಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವಿಮಾನದ ಸುರಕ್ಷತೆಗೆ ಅಥವಾ ಒಳಗಿನ ಶಿಸ್ತಿಗೆ ಧಕ್ಕೆ ತರುವವರನ್ನು ತಡೆಯುವ, ಅಗತ್ಯ ಬಿದ್ದರೆ ಕಟ್ಟಿಹಾಕುವ, ಕೆಳಗಿಳಿಸುವ ಅಧಿಕಾರವನ್ನು ಅದು ಕ್ಯಾಪ್ಟನ್‌ಗೆ ಕೊಡುತ್ತದೆ. ಭಾರತವೂ 1975ರಲ್ಲಿ ಇದಕ್ಕಾಗಿ ಟೋಕಿಯೊ ಕನ್ವೆನ್ಷನ್ ಕಾಯ್ದೆ ಮಾಡಿಕೊಂಡಿದೆ. ಆ ಅಧಿಕಾರ ಯಾವ ಕ್ಷಣದಿಂದ ಶುರು? ಒಪ್ಪಂದದ ಉತ್ತರ ಸ್ಪಷ್ಟ: ಪ್ರಯಾಣಿಕರು ಹತ್ತಿದ ಮೇಲೆ ಹೊರಬಾಗಿಲುಗಳೆಲ್ಲ ಮುಚ್ಚಿದ ಕ್ಷಣದಿಂದ, ಇಳಿಯಲು ಯಾವುದಾದರೂ ಬಾಗಿಲು ತೆರೆಯುವ ಕ್ಷಣದವರೆಗೆ. ಚಕ್ರ ನೆಲ ಬಿಟ್ಟಿದೆಯೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ.

ಬಾಗಿಲಿನ ಈ ಗೆರೆಯನ್ನು ಸುಮ್ಮನೆ ಎಳೆದದ್ದಲ್ಲ. ಬಾಗಿಲು ಮುಚ್ಚುವವರೆಗೆ ಹೊರಗಿನವರ ನೆರವು ಸಿಗುತ್ತದೆ. ಪೊಲೀಸರನ್ನು ಕರೆಯಬಹುದು, ನಿಲ್ದಾಣದ ಅಧಿಕಾರಿಗಳು ಬರಬಹುದು, ಪ್ರಯಾಣಿಕರು ಇಳಿದು ಹೋಗಬಹುದು. ಮುಚ್ಚಿದ ಮೇಲೆ ಒಳಗಿರುವವರಿಗೆ ಒಳಗಿರುವವರೇ ಗತಿ. ಅಂಥ ಜಾಗದಲ್ಲಿ ಎರಡು ತಲೆಗಳ ಆಡಳಿತ ನಡೆಯುವುದಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಮಂತ್ರಿ ಇರಲಿ, ಸೇನಾಪತಿ ಇರಲಿ, ವಿಮಾನ ಕಂಪನಿಯ ಒಡತಿಯೇ ಇರಲಿ, ಬೆಲ್ಟ್ ಕಟ್ಟಿಕೊಳ್ಳಿ ಎಂದು ಗಗನಸಖಿ ಹೇಳಿದರೆ ಕಟ್ಟಿಕೊಳ್ಳಲೇಬೇಕು. ಆಕೆ ಹೇಳುವುದು ತನ್ನ ಮಾತನ್ನಲ್ಲ, ಕ್ಯಾಪ್ಟನ್ ಪರವಾಗಿ ಹೇಳುವ ಮಾತನ್ನು.

ಕೊರಿಯನ್ ಏರ್‌ಗೆ ಈ ಪಾಠವನ್ನು ಬೇರೆಯವರು ಹೇಳಿಕೊಡಬೇಕಿರಲಿಲ್ಲ. 1997ರ ಆಗಸ್ಟ್ 6ರಂದು ಅದರ 801ನೇ ವಿಮಾನ ಗುವಾಮ್ ದ್ವೀಪದಲ್ಲಿ ಇಳಿಯುವ ಮುನ್ನ ಗುಡ್ಡಕ್ಕೆ ಅಪ್ಪಳಿಸಿ, ಅದರಲ್ಲಿದ್ದ 254 ಮಂದಿಯಲ್ಲಿ 228 ಮಂದಿ ಸತ್ತರು. ಕ್ಯಾಪ್ಟನ್ ಇಳಿಯುವ ಕ್ರಮವನ್ನು ಸರಿಯಾಗಿ ನಿರ್ವಹಿಸಲಿಲ್ಲ, ಪಕ್ಕದಲ್ಲಿದ್ದ ಸಹಪೈಲಟ್ ಮತ್ತು ಫ್ಲೈಟ್ ಎಂಜಿನಿಯರ್ ಅವರನ್ನು ಪರಿಶೀಲಿಸಿ ತಡೆಯಲಿಲ್ಲ ಎಂದು ಅಮೆರಿಕದ ತನಿಖಾ ಮಂಡಳಿ ಹೇಳಿತು. ಹಿರಿಯರ ತಪ್ಪನ್ನು ಕಿರಿಯರು ಎತ್ತಿ ಹೇಳಲು ಹಿಂಜರಿಯುವ ವಾತಾವರಣ ಕಾಕ್‌ಪಿಟ್‌ನಲ್ಲಿ ಇರಕೂಡದು ಎಂಬ ಮಾತು ಆಗ ಜಗತ್ತಿನಾದ್ಯಂತ ಚರ್ಚೆಯಾಯಿತು. ಮುಂದಿನ ವರ್ಷಗಳಲ್ಲಿ ಕಂಪನಿ ಹೊರದೇಶದ ತಜ್ಞರನ್ನು ಕರೆಸಿತು, ತರಬೇತಿಯನ್ನು ಬುಡಸಮೇತ ಬದಲಾಯಿಸಿತು. ಅದರ ಸುರಕ್ಷತೆಯ ದಾಖಲೆ ನಿಜಕ್ಕೂ ಸುಧಾರಿಸಿತು. ಕಾಕ್‌ಪಿಟ್ ಬಾಗಿಲಿನ ಒಳಗೆ ತಂದ ಆ ಸುಧಾರಣೆ ಬಾಗಿಲಿನ ಹೊರಗೆ, ಪ್ರಥಮ ದರ್ಜೆಯ ಸೀಟಿನವರೆಗೆ ಬಂದಿರಲಿಲ್ಲ. ಮನೆತನದ ಮಗಳ ಮುಂದೆ ಪರ್ಸರ್ ಮಂಡಿಯೂರಿದ್ದು, ಕ್ಯಾಪ್ಟನ್ ಹಿಂದಿರುಗಿದ್ದು, ಎರಡೂ ಅದೇ ಹಳೆಯ ರೋಗದ ಲಕ್ಷಣ.

ಆ ರಾತ್ರಿ ಕ್ಯಾಪ್ಟನ್ ಬೇಡವೆನ್ನಬಹುದಿತ್ತೇ? ಕಾನೂನಿನ ಪ್ರಕಾರ ಖಂಡಿತ. ಪ್ರಯಾಣಿಕರೊಬ್ಬರು ಸಿಬ್ಬಂದಿಯ ಮೇಲೆ ಕೈ ಮಾಡಿದ್ದಾರೆ ಎಂದು ಖಚಿತವಾಗಿದ್ದರೆ, ಗೇಟಿಗೆ ಮರಳಿ ಇಳಿಸಬೇಕಿದ್ದದ್ದು ಹೊಡೆದವರನ್ನು. ಹೊಡೆಸಿಕೊಂಡವರನ್ನಲ್ಲ. ಹೀಗೆ ಬರೆಯುವುದು ಸುಲಭ, ಕಾಕ್‌ಪಿಟ್‌ನಲ್ಲಿ ಕುಳಿತವರ ಸ್ಥಿತಿ ಬೇರೆ. ಇಂಟರ್‌ಫೋನ್ ಮೂಲಕ ಅವರಿಗೆ ತಲುಪಿದ್ದು ಅರ್ಧಂಬರ್ಧ ಸುದ್ದಿ. ಕ್ಯಾಬಿನ್‌ನಲ್ಲಿರುವವರು ತಮ್ಮ ಬಡ್ತಿ, ವರ್ಗಾವಣೆ, ನೌಕರಿ ಎಲ್ಲವನ್ನೂ ಕೈಯಲ್ಲಿ ಹಿಡಿದಿರುವ ಮನೆತನದವರು. ಕೊರಿಯಾದಲ್ಲಿ ಇಂಥ ಮನೆತನದ ಉದ್ಯಮ ಸಮೂಹಗಳನ್ನು ಚೇಬೊಲ್ ಎನ್ನುತ್ತಾರೆ. ಸರಕಾರದ ಒಡೆತನದಲ್ಲಿದ್ದ ವಿಮಾನ ಕಂಪನಿ 1969ರಲ್ಲಿ ಹಂಜಿನ್ ಸಮೂಹದ ಕೈಗೆ ಬಂದಾಗಿನಿಂದ ಅಲ್ಲಿ ಚೋ ಮನೆತನದ್ದೇ ಮಾತು. ಆ ಕ್ಯಾಪ್ಟನ್ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಅಸಹಾಯಕತೆಯನ್ನು ಒಪ್ಪಿಕೊಂಡುಬಿಟ್ಟರೆ ಆ ಎ380ರಲ್ಲಿದ್ದ ಉಳಿದ ಪ್ರಯಾಣಿಕರಿಗೆ ಏನು ಹೇಳಬೇಕು? ಅವರು ಟಿಕೆಟ್ ಕೊಂಡಾಗ ತಮ್ಮ ಜೀವವನ್ನು ಒಪ್ಪಿಸಿದ್ದು ಕ್ಯಾಪ್ಟನ್‌ಗೆ, ಅಧ್ಯಕ್ಷರ ಮಗಳಿಗೆ ಅಲ್ಲ.

ಮುಚ್ಚಿಹಾಕುವ ಯತ್ನ

ಸುದ್ದಿ ಕೊರಿಯಾದಲ್ಲಿ ಸ್ಫೋಟಗೊಂಡದ್ದು ಡಿಸೆಂಬರ್ 8ರಂದು. ಕಂಪನಿ ಅಂದೇ ಒಂದು ಹೇಳಿಕೆ ಹೊರಡಿಸಿತು. ಪ್ರಯಾಣಿಕರಿಗೆ ಆದ ತೊಂದರೆಗೆ ಅದರಲ್ಲಿ ಕ್ಷಮೆ ಇತ್ತು. ಜೊತೆಗೆ, ಸೇವೆಯ ಹೊಣೆ ಹೊತ್ತ ಅಧಿಕಾರಿ ಲೋಪವನ್ನು ಎತ್ತಿ ತೋರಿಸಿದ್ದು ಸಹಜ, ಪರ್ಸರ್ ಅವರನ್ನು ಇಳಿಸಿದ್ದು ಕ್ಯಾಪ್ಟನ್ ಜೊತೆ ಸಮಾಲೋಚಿಸಿಯೇ ಎಂಬ ಸಮಜಾಯಿಷಿಯೂ ಇತ್ತು. ಈ ಎರಡನೆಯ ಮಾತನ್ನು ಗಮನಿಸಬೇಕು. ಕ್ಯಾಪ್ಟನ್‌ನ ಅಧಿಕಾರವನ್ನು ತುಳಿದ ಕೃತ್ಯಕ್ಕೆ ಅದೇ ಅಧಿಕಾರವನ್ನು ಗುರಾಣಿಯಾಗಿ ಹಿಡಿದದ್ದು ಇಲ್ಲಿ. ಬಲವಂತಕ್ಕೆ ಮಣಿದ ಒಪ್ಪಿಗೆಯನ್ನು ಸಮಾಲೋಚನೆ ಎಂದು ಬರೆದರೆ ದಾಖಲೆಯಲ್ಲಿ ಎಲ್ಲವೂ ನಿಯಮಬದ್ಧವಾಗಿ ಕಾಣುತ್ತದೆ. ಬಲಾಢ್ಯರ ಪ್ರಕರಣಗಳಲ್ಲಿ ಎಲ್ಲೆಡೆ ಈ ತಂತ್ರವೇ ನಡೆಯುತ್ತದೆ. ಕೆಳಗಿನವರ ಸಹಿ ಹಾಕಿಸಿಕೊಂಡು ಮೇಲಿನವರ ತಪ್ಪನ್ನು ಅವರ ತಲೆಗೇ ಕಟ್ಟುತ್ತಾರೆ.

ಮರುದಿನ ಉಪಾಧ್ಯಕ್ಷೆ ಸೇವಾ ವಿಭಾಗದ ಹೊಣೆಯಿಂದ ಕೆಳಗಿಳಿದರು, ಉಪಾಧ್ಯಕ್ಷ ಸ್ಥಾನ ಮಾತ್ರ ಉಳಿಸಿಕೊಂಡರು. ಜನರ ಆಕ್ರೋಶ ಏರಿದ ಮೇಲೆ ಅದನ್ನೂ ಬಿಟ್ಟರು. ಡಿಸೆಂಬರ್ 12ರಂದು ತಂದೆ ಚೋ ಯಾಂಗ್-ಹೋ ಕ್ಯಾಮೆರಾಗಳ ಮುಂದೆ ತಲೆಬಾಗಿ, ಮಗಳನ್ನು ಸರಿಯಾಗಿ ಬೆಳೆಸದಿದ್ದದ್ದು ತನ್ನ ತಪ್ಪು ಎಂದು ಕ್ಷಮೆ ಕೇಳಿದರು. ಮಗಳ ತಪ್ಪಿಗೆ ತಂದೆ ಬೇಡಿದ ಕ್ಷಮೆಯಾಗಿ ಅದಕ್ಕೆ ಬೆಲೆಯಿರಬಹುದು. ಕಂಪನಿಯ ಅಧ್ಯಕ್ಷರಾಗಿ ಅವರು ಉತ್ತರ ಕೊಡಬೇಕಿದ್ದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು: ಇನ್ನು ಮುಂದೆ ನಿಮ್ಮ ಮನೆಯವರು ವಿಮಾನದಲ್ಲಿದ್ದಾಗ ಕ್ಯಾಪ್ಟನ್ ಬೇಡವೆಂದರೆ ಅವರ ನೌಕರಿ ಉಳಿಯುತ್ತದೆಯೇ?

ಅದೇ ದಿನ ಪರ್ಸರ್ ಪಾರ್ಕ್ ಕೆಬಿಎಸ್ ವಾಹಿನಿಯಲ್ಲಿ ಕಾಣಿಸಿಕೊಂಡು, ಮುಖ ಮುಚ್ಚಿಕೊಳ್ಳದೆ, ತಾವು ಅನುಭವಿಸಿದ್ದನ್ನೆಲ್ಲ ಹೇಳಿದರು. ಬೈಗುಳ, ಮಂಡಿಯೂರಿಸಿದ್ದು, ಕೈಗೆ ಬಿದ್ದ ಏಟು. ಆಮೇಲೆ ಕಂಪನಿಯವರು ಮನೆಗೇ ಬಂದು, ಏಟು ಬಿದ್ದಿಲ್ಲ, ನಾನಾಗಿಯೇ ಇಳಿದೆ ಎಂದು ಹೇಳುವಂತೆ ಒತ್ತಾಯಿಸಿದ್ದನ್ನೂ ಹೇಳಿದರು. ಉಪ್ಪು ತಿಂದ ಮನೆಗೆ ಎರಡು ಬಗೆದ ಎಂಬ ಮಾತನ್ನು ಎಲ್ಲ ಕಡೆಯೂ ಇಂಥವರ ಮೇಲೆ ಎಸೆಯುತ್ತಾರೆ. ಪಾರ್ಕ್ ಹಾಗೆ ಯೋಚಿಸಿ ಸುಮ್ಮನಿದ್ದಿದ್ದರೆ ಈ ಪ್ರಕರಣ ಕಂಪನಿಯ ಹೇಳಿಕೆಯ ಮಟ್ಟದಲ್ಲೇ ಮುಗಿದುಹೋಗುತ್ತಿತ್ತು.

ತನಿಖೆ ಮಾಡಬೇಕಿದ್ದ ಸಾರಿಗೆ ಸಚಿವಾಲಯದ ನಡವಳಿಕೆ ಇನ್ನೂ ಕೆಟ್ಟದು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ತನಿಖಾ ತಂಡದಲ್ಲಿ ಹಿಂದೆ ಕೊರಿಯನ್ ಏರ್‌ನಲ್ಲೇ ಕೆಲಸ ಮಾಡಿದ್ದವರು ಇದ್ದರು. ಪಾರ್ಕ್ ಅವರ ವಿಚಾರಣೆ ನಡೆಯುವಾಗ ಕಂಪನಿಯ ಉನ್ನತ ಅಧಿಕಾರಿಯೊಬ್ಬರು ಕೋಣೆಯಲ್ಲೇ ಕುಳಿತಿದ್ದರು. ಹೊಡೆತ ತಿಂದವನನ್ನು ಹೊಡೆದವರ ಕಡೆಯವರ ಎದುರಿಗೆ ಕೂರಿಸಿ ಏನಾಯಿತು ಹೇಳು ಎಂದರೆ ಅದನ್ನು ತನಿಖೆ ಎನ್ನಲಾಗದು. ತನಿಖೆಯ ವಿವರಗಳನ್ನು ಕಂಪನಿಗೆ ಸೋರಿಸಿದ ಆರೋಪದ ಮೇಲೆ ಸಚಿವಾಲಯದ ಅಧಿಕಾರಿಯೊಬ್ಬರ ಬಂಧನವೂ ಆಯಿತು. ಅವರು ಮೇಲ್ಮನವಿಯಲ್ಲಿ ಖುಲಾಸೆಯಾದರು. ತನಿಖೆ ನಿಷ್ಪಕ್ಷವಾಗಿರಲಿಲ್ಲ ಎಂದು ಸಚಿವಾಲಯವೇ ಕೊನೆಗೆ ಒಪ್ಪಿಕೊಂಡು ತನ್ನ ಅಧಿಕಾರಿಗಳ ಮೇಲೆ ಶಿಸ್ತುಕ್ರಮ ಕೈಗೊಂಡಿತು.

ಪ್ರಥಮ ದರ್ಜೆಯಲ್ಲಿ ಕುಳಿತಿದ್ದ ಇನ್ನೊಬ್ಬ ಪ್ರಯಾಣಿಕರು ಎಲ್ಲವನ್ನೂ ಕಣ್ಣಾರೆ ಕಂಡಿದ್ದರು, ಆಗಲೇ ಗೆಳೆಯರೊಬ್ಬರಿಗೆ ಮೊಬೈಲ್‌ನಲ್ಲಿ ಸಂದೇಶ ಕಳುಹಿಸಿದ್ದರು. ಊರು ತಲುಪಿದ ಮೇಲೆ ಅವರು ಕಂಪನಿಗೆ ದೂರು ಕೊಟ್ಟರು. ಕಂಪನಿ ಅವರಿಗೆ ಸಮಾಧಾನಕ್ಕೆಂದು ಕೊಡಲು ಮುಂದಾದದ್ದು ಒಂದು ಆಟಿಕೆ ವಿಮಾನ ಮತ್ತು ಒಂದು ಕ್ಯಾಲೆಂಡರ್. ಅದೃಷ್ಟಕ್ಕೆ ಆ ಪ್ರಯಾಣಿಕರು ಅಷ್ಟಕ್ಕೆ ಸುಮ್ಮನಾಗಲಿಲ್ಲ, ತನಿಖಾಧಿಕಾರಿಗಳ ಮುಂದೆ ಸಾಕ್ಷಿ ಹೇಳಿದರು. ಸಿಬ್ಬಂದಿಯ ಮಾತಿಗೆ ಹೊರಗಿನವರೊಬ್ಬರ ಮಾತು ಜೊತೆಯಾದದ್ದರಿಂದ ಪ್ರಕರಣ ಗಟ್ಟಿಯಾಯಿತು.

ಹದಿನೇಳು ಮೀಟರ್ ದಾರಿಯೇ ಅಲ್ಲವೇ?

ಚೋ ಹ್ಯುನ್-ಆ ಅವರನ್ನು ಡಿಸೆಂಬರ್ 30ರಂದು ಬಂಧಿಸಲಾಯಿತು. ಆರೋಪಗಳಲ್ಲಿ ಅತಿ ದೊಡ್ಡದು ಕೊರಿಯಾದ ವಿಮಾನಯಾನ ಭದ್ರತಾ ಕಾಯ್ದೆಯ 42ನೇ ಕಲಮಿನದು. ಸಂಚಾರದಲ್ಲಿರುವ ವಿಮಾನದ ಪಥವನ್ನು ಬಲಪ್ರಯೋಗದಿಂದ ಅಥವಾ ಬೆದರಿಕೆಯಿಂದ ಬದಲಾಯಿಸಿದರೆ ಒಂದರಿಂದ ಹತ್ತು ವರ್ಷ ಜೈಲು. ಅಪಹರಣಕಾರರಂಥವರನ್ನು ಮನಸ್ಸಿನಲ್ಲಿಟ್ಟು ಬರೆದಂತಿರುವ ಈ ಕಲಮಿನಡಿ ವಿಮಾನ ಕಂಪನಿಯ ಉಪಾಧ್ಯಕ್ಷೆಯೇ ಕಟಕಟೆಯಲ್ಲಿ ನಿಲ್ಲಬೇಕಾಯಿತು.

2015ರ ಫೆಬ್ರುವರಿ 12ರಂದು ಸಿಯೋಲ್ ಪಶ್ಚಿಮ ಜಿಲ್ಲಾ ನ್ಯಾಯಾಲಯ ಈ ಆರೋಪವನ್ನು ಎತ್ತಿಹಿಡಿದು ಒಂದು ವರ್ಷದ ಜೈಲು ಶಿಕ್ಷೆ ಕೊಟ್ಟಿತು. ಮನುಷ್ಯರ ಘನತೆಯನ್ನು ತುಳಿದ ಪ್ರಕರಣವಿದು, ವಿಮಾನವನ್ನು ಸ್ವಂತ ಕಾರಿನಂತೆ ಬಳಸಿಕೊಂಡಿದ್ದಾರೆ ಎಂಬುದು ನ್ಯಾಯಾಧೀಶರ ಮಾತಿನ ಸಾರ. ಮೇ 22ರಂದು ಸಿಯೋಲ್ ಹೈಕೋರ್ಟ್ ಬೇರೆ ತೀರ್ಪು ಕೊಟ್ಟಿತು. ಹಲ್ಲೆ, ಬಲವಂತ, ಕೆಲಸಕ್ಕೆ ಅಡ್ಡಿ ಇವೆಲ್ಲ ಸಾಬೀತಾಗಿವೆ, ಆದರೆ ಗೇಟಿನ ಪಕ್ಕದ ಅಂಗಳದಲ್ಲಿ ಟಗ್ ತಳ್ಳುತ್ತಿದ್ದ ವಿಮಾನ ಕಾನೂನಿನ ಅರ್ಥದಲ್ಲಿ ಪಥದ ಮೇಲೆ ಇರಲಿಲ್ಲ ಎಂದಿತು. ಶಿಕ್ಷೆ ಹತ್ತು ತಿಂಗಳಿಗೆ ಇಳಿಯಿತು, ಅದನ್ನೂ ಎರಡು ವರ್ಷ ಅಮಾನತಿನಲ್ಲಿಟ್ಟಿತು. 143 ದಿನ ಜೈಲಿನಲ್ಲಿದ್ದ ಚೋ ಅಂದೇ ಹೊರಬಂದರು. 2017ರ ಡಿಸೆಂಬರ್ 21ರಂದು ಸುಪ್ರೀಂ ಕೋರ್ಟ್‌ನ ಪೂರ್ಣಪೀಠ ಇದನ್ನೇ ಖಾಯಂ ಮಾಡಿತು. ಹತ್ತು ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ.

ಬಹುಮತದ ವಾದ ಹೀಗಿದೆ. ಕಾಯ್ದೆಯಲ್ಲಿರುವ ಪಥ ಎಂಬ ಪದವನ್ನು ಜನ ಬಳಸುವುದು ಆಕಾಶದಲ್ಲಿನ ದಾರಿಗೆ. ಶಿಕ್ಷೆ ಕೊಡುವ ಕಾನೂನಿನ ಪದವನ್ನು ಆರೋಪಿಗೆ ವಿರುದ್ಧವಾಗಿ ಹಿಗ್ಗಿಸಬಾರದು. ಮೂವರು ಭಿನ್ನಮತದವರು ಕಾಯ್ದೆಯ ಇನ್ನೊಂದು ಮಾತಿನತ್ತ ಬೊಟ್ಟು ಮಾಡಿದರು. ಬಾಗಿಲು ಮುಚ್ಚಿದಲ್ಲಿಂದ ತೆರೆಯುವವರೆಗೆ ವಿಮಾನ ಸಂಚಾರದಲ್ಲಿದೆ ಎಂದು ಅದೇ ಕಾಯ್ದೆ ಹೇಳುತ್ತದೆ. ಸಂಚಾರದಲ್ಲಿರುವ ವಿಮಾನ ನೆಲದ ಮೇಲೆ ಚಲಿಸುವ ದಾರಿಯೂ ಅದರ ಪಥವೇ ಆಗಬೇಕಲ್ಲವೇ ಎಂಬುದು ಅವರ ಪ್ರಶ್ನೆ.

ಶಿಕ್ಷೆಯ ಕಾನೂನನ್ನು ಹಿಗ್ಗಿಸಬಾರದು ಎಂಬ ತತ್ವಕ್ಕೆ ನಾನು ತಲೆಬಾಗುತ್ತೇನೆ. ಇಂದು ಧನಿಕರ ವಿರುದ್ಧ ಹಿಗ್ಗಿಸಿದ್ದನ್ನು ನಾಳೆ ಬಡವರ ವಿರುದ್ಧ ಹಿಗ್ಗಿಸುತ್ತಾರೆ. ಹಾಗಿದ್ದರೂ ಈ ಪ್ರಕರಣದಲ್ಲಿ ನನಗೆ ಸರಿ ಎನಿಸುವುದು ಆ ಮೂವರ ಮಾತು. ವಿಮಾನ ನಿಲ್ದಾಣದ ನೆಲ ಸುರಕ್ಷಿತ ಜಾಗವಲ್ಲ. ಎಂಜಿನ್‌ಗಳು, ಇಂಧನ ತುಂಬಿದ ರೆಕ್ಕೆಗಳು, ಕೆಳಗೆ ಓಡಾಡುವ ಕೆಲಸಗಾರರು, ಆಚೀಚೆ ಸರಿಯುವ ಬೇರೆ ವಿಮಾನಗಳು, ಎಲ್ಲವೂ ಕಂಟ್ರೋಲ್ ಕೊಟ್ಟ ಅನುಮತಿಯ ಕ್ರಮದಲ್ಲಿ ನಡೆಯಬೇಕು. ವಿಮಾನಯಾನದ ಚರಿತ್ರೆಯಲ್ಲೇ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಅಪಘಾತ, 1977ರ ಟೆನೆರಿಫೆ ದುರಂತ, ನಡೆದದ್ದು ರನ್‌ವೇ ಮೇಲೆ. ಎರಡು ಜಂಬೊ ಜೆಟ್‌ಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಟೋಕಿಯೊ ಒಪ್ಪಂದ ಮಾಡಿದವರು ಬಾಗಿಲಿನ ಹತ್ತಿರ ಗೆರೆ ಎಳೆದದ್ದರಲ್ಲಿ ವಿವೇಕವಿತ್ತು. ಕೊರಿಯಾದ ತೀರ್ಪು ಆ ಗೆರೆಯಿಂದ ರೆಕ್ಕೆ ಗಾಳಿಗೇರುವವರೆಗಿನ ನಡುವಣ ಜಾಗದಲ್ಲಿ ಪಥ ಬದಲಿಸುವ ಅಪರಾಧವೇ ಇಲ್ಲದಂತೆ ಮಾಡಿತು.

ನಮ್ಮಲ್ಲಿ ನಡೆದದ್ದು

ಕೊರಿಯಾದಲ್ಲಿ ವಿಮಾನದ ಒಡೆಯರೇ ಅಡ್ಡ ಬಂದರೆ, ಭಾರತದಲ್ಲಿ ಅಡ್ಡ ಬಂದದ್ದು ರಾಜಕಾರಣ. 2017ರ ಮಾರ್ಚ್ 23ರಂದು ಪುಣೆಯಿಂದ ದಿಲ್ಲಿಗೆ ಬಂದ ಏರ್ ಇಂಡಿಯಾ ವಿಮಾನದಲ್ಲಿ ಉಸ್ಮಾನಾಬಾದ್‌ನ ಶಿವಸೇನೆ ಸಂಸದ ರವೀಂದ್ರ ಗಾಯಕವಾಡ್ ಕೆಳಗಿಳಿಯಲು ನಿರಾಕರಿಸಿದರು. ಬಿಸಿನೆಸ್ ದರ್ಜೆಯ ಟಿಕೆಟ್ ಇದ್ದರೂ ಆ ವಿಮಾನದಲ್ಲಿ ಬಿಸಿನೆಸ್ ದರ್ಜೆಯೇ ಇರಲಿಲ್ಲ ಎಂಬುದು ಅವರ ಸಿಟ್ಟಿನ ಮೂಲ. ಸಮಾಧಾನಪಡಿಸಲು ಬಂದ, ಅರುವತ್ತರ ವಯಸ್ಸಿನ ಅಧಿಕಾರಿಯನ್ನು ಅವರು ಚಪ್ಪಲಿಯಿಂದ ಹೊಡೆದರು. ಇಪ್ಪತ್ತೈದು ಏಟು ಹೊಡೆದೆ ಎಂದು ಕ್ಯಾಮೆರಾಗಳ ಮುಂದೆ ತಾವೇ ಹೇಳಿಕೊಂಡರು. ಆಗ ದೇಶದ ವಿಮಾನ ಕಂಪನಿಗಳು ಹಿಂದೆಂದೂ ಮಾಡದ್ದನ್ನು ಮಾಡಿದವು. ಏರ್ ಇಂಡಿಯಾ ಮತ್ತು ಪ್ರಮುಖ ಖಾಸಗಿ ಕಂಪನಿಗಳೆಲ್ಲ ಸೇರಿ ಅವರಿಗೆ ಟಿಕೆಟ್ ನಿರಾಕರಿಸಿದವು. ಸಂಸದರು ರೈಲು ಹತ್ತಬೇಕಾಯಿತು.

ಆ ಒಗ್ಗಟ್ಟು ಉಳಿದದ್ದು ಎರಡು ವಾರ. ಏಪ್ರಿಲ್ 6ರಂದು ಲೋಕಸಭೆಯಲ್ಲಿ ಶಿವಸೇನೆಯ ಸದಸ್ಯರು ವಿಮಾನಯಾನ ಸಚಿವ ಅಶೋಕ್ ಗಜಪತಿ ರಾಜು ಅವರನ್ನು ಸುತ್ತುವರಿದರು. ಗಾಯಕವಾಡ್ ಸಚಿವರಿಗೆ ವಿಷಾದದ ಪತ್ರ ಬರೆದರು. ಏಟು ತಿಂದ ಅಧಿಕಾರಿಯ ಕ್ಷಮೆ ಕೇಳುವುದಿಲ್ಲ ಎಂದು ಸದನದಲ್ಲೇ ಹೇಳಿದ್ದರು. ಮರುದಿನ ಸಚಿವಾಲಯದ ಸೂಚನೆಯ ಮೇಲೆ ಏರ್ ಇಂಡಿಯಾ ನಿಷೇಧ ತೆರವುಗೊಳಿಸಿತು.

ಆದರೂ ಅದರಿಂದ ಒಂದು ಒಳಿತಾಯಿತು. ಅದೇ ವರ್ಷದ ಸೆಪ್ಟೆಂಬರ್ 8ರಂದು ವಿಮಾನಯಾನ ಮಹಾನಿರ್ದೇಶನಾಲಯ ನಿಯಮ ತಂದಿತು. ಬಾಯಿಮಾತಿನ ಪುಂಡಾಟಕ್ಕೆ ಮೂರು ತಿಂಗಳವರೆಗೆ, ಮೈಮುಟ್ಟುವ ಹಲ್ಲೆಗೆ ಆರು ತಿಂಗಳವರೆಗೆ, ಜೀವಕ್ಕೆ ಕುತ್ತು ತರುವ ಕೃತ್ಯಕ್ಕೆ ಕನಿಷ್ಠ ಎರಡು ವರ್ಷ ಹಾರಾಟ ನಿಷೇಧ. ಪ್ರಕ್ರಿಯೆ ಶುರುವಾಗುವುದು ಪೈಲಟ್-ಇನ್-ಕಮಾಂಡ್ ಕೊಡುವ ದೂರಿನಿಂದ. ನಿವೃತ್ತ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ಮೂವತ್ತು ದಿನಗಳೊಳಗೆ ತೀರ್ಮಾನಿಸಬೇಕು. ಕ್ಯಾಪ್ಟನ್‌ನ ದೂರನ್ನು ಮೊದಲ ಮೆಟ್ಟಿಲಾಗಿ ಇಟ್ಟದ್ದು ಈ ನಿಯಮದ ಜೀವಾಳ.

ಆ ಮೆಟ್ಟಿಲನ್ನು ಹಾರಿ ಹೋದ ಪ್ರಸಂಗವೂ ಬೇಗನೆ ಬಂತು. 2020ರ ಜನವರಿಯಲ್ಲಿ ಮುಂಬೈ–ಲಖನೌ ಇಂಡಿಗೊ ವಿಮಾನದಲ್ಲಿ ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಪತ್ರಕರ್ತ ಅರ್ನಬ್ ಗೋಸ್ವಾಮಿ ಅವರನ್ನು ಪ್ರಶ್ನೆಗಳಿಂದ ಕೆಣಕಿ, ವಿಡಿಯೊ ಹರಿಯಬಿಟ್ಟರು. ಇಂಡಿಗೊ ಕಾಮ್ರಾಗೆ ಆರು ತಿಂಗಳ ನಿಷೇಧ ಹೇರಿತು, ವಿಮಾನಯಾನ ಸಚಿವರು ಇತರ ಕಂಪನಿಗಳೂ ಹಾಗೆ ಮಾಡಲಿ ಎಂದರು, ಅವುಗಳಲ್ಲಿ ಕೆಲವು ಮಾಡಿದವು. ವಿಮಾನದ ಕ್ಯಾಪ್ಟನ್ ಮಾತ್ರ ತಮ್ಮ ಕಂಪನಿಗೇ ಪತ್ರ ಬರೆದರು. ನಡವಳಿಕೆ ಹಿತವಾಗಿರಲಿಲ್ಲ, ಆದರೆ ಮೊದಲ ಹಂತದ ಪುಂಡಾಟದ ಮಟ್ಟಕ್ಕೂ ಅದು ಬರುವುದಿಲ್ಲ, ನನ್ನನ್ನು ಕೇಳದೆ ಸಾಮಾಜಿಕ ಮಾಧ್ಯಮ ನೋಡಿ ನಿರ್ಧರಿಸಿದ್ದು ಬೇಸರ ತಂದಿದೆ ಎಂಬುದು ಅವರ ನಿಲುವು. ನಿಷೇಧ ಕೊನೆಗೆ ಮೂರು ತಿಂಗಳಿಗೆ ಇಳಿಯಿತು. ಕಾಮ್ರಾ ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ತಮ್ಮ ಸೀಟಿನಲ್ಲಿ ಸುಮ್ಮನೆ ಕುಳಿತವರನ್ನು ಕೆಣಕುವ ಹಕ್ಕು ಯಾರಿಗೂ ಇಲ್ಲ. ಆದರೆ ಶಿಕ್ಷಿಸಬೇಕಾದಾಗ ಕ್ಯಾಪ್ಟನ್‌ನ ಕೈ ಹಿಡಿದು ತಡೆಯುವುದೂ, ಬೇಡವಾದಾಗ ಕ್ಯಾಪ್ಟನ್‌ನ ತಲೆಯ ಮೇಲಿಂದ ಶಿಕ್ಷಿಸುವುದೂ ಒಂದೇ ಜಾತಿಯ ತಪ್ಪು. ಆ ಕ್ಯಾಪ್ಟನ್ ನ್ಯೂಯಾರ್ಕಿನ ಕ್ಯಾಪ್ಟನ್ ಹೇಳಲಾಗದ್ದನ್ನು ಹೇಳಿದರು: ನನ್ನ ವಿಮಾನದೊಳಗೆ ಏನಾಯಿತು ಎಂಬುದನ್ನು ಅಳೆಯಬೇಕಾದವನು ನಾನು.

ಪಾರ್ಕ್ ಅವರ ಮುಂದಿನ ದಿನಗಳು

ರಜೆ, ಚಿಕಿತ್ಸೆ ಮುಗಿಸಿ ಪಾರ್ಕ್ 2016ರಲ್ಲಿ ಕೆಲಸಕ್ಕೆ ಮರಳಿದಾಗ ಅವರಿಗೆ ಪರ್ಸರ್ ಹುದ್ದೆ ಸಿಗಲಿಲ್ಲ. ಇಂಗ್ಲಿಷ್ ಪ್ರಕಟಣೆಯ ಪರೀಕ್ಷೆಯಲ್ಲಿ ಅರ್ಹತೆ ಪಡೆದಿಲ್ಲ ಎಂಬ ಕಾರಣ ಕೊಟ್ಟು, ಹೊಸಬರ ಜೊತೆ ಸಾಮಾನ್ಯ ಕ್ಯಾಬಿನ್ ಸಿಬ್ಬಂದಿಯ ಕೆಲಸಕ್ಕೆ ಹಚ್ಚಿದರು. ಚೋ ಹ್ಯುನ್-ಆ 2018ರ ಮಾರ್ಚ್‌ನಲ್ಲಿ ಸಮೂಹದ ಹೋಟೆಲ್ ಕಂಪನಿಯ ಮುಖ್ಯಸ್ಥೆಯಾಗಿ ಮರಳಿದರು. ಮರು ತಿಂಗಳೇ, ಅವರ ತಂಗಿ ಜಾಹೀರಾತು ಸಂಸ್ಥೆಯವರ ಜೊತೆಗಿನ ಸಭೆಯಲ್ಲಿ ಪಾನೀಯ ಎರಚಿದ ಆರೋಪ ಬಂದು, ಇಬ್ಬರೂ ಹುದ್ದೆ ಬಿಡಬೇಕಾಯಿತು. ಆ ಮೇ ತಿಂಗಳಲ್ಲಿ ಕೊರಿಯನ್ ಏರ್ ನೌಕರರು ಮುಖವಾಡ ಧರಿಸಿ ಸಿಯೋಲ್‌ನ ಬೀದಿಗಿಳಿದರು. ಗುರುತು ಸಿಕ್ಕರೆ ನೌಕರಿ ಹೋಗುತ್ತದೆ ಎಂಬ ಭಯ ಅವರಲ್ಲಿ ಇನ್ನೂ ಇತ್ತು. 2019ರ ಮಾರ್ಚ್ 27ರಂದು ಷೇರುದಾರರು ಚೋ ಯಾಂಗ್-ಹೋ ಅವರನ್ನು ನಿರ್ದೇಶಕ ಮಂಡಳಿಯಿಂದ ಹೊರಗಿಟ್ಟರು. ಬೇಕಿದ್ದ ಮೂರನೇ ಎರಡರಷ್ಟು ಮತ ಅವರಿಗೆ ಬೀಳಲಿಲ್ಲ.

ವಿಮಾನ ತಿರುಗಿಸಿದ ಪ್ರಕರಣಕ್ಕೆ ಸಚಿವಾಲಯ ಕೊರಿಯನ್ ಏರ್‌ಗೆ 279 ಕೋಟಿ ವಾನ್ ದಂಡ ಹಾಕಿದ್ದು 2018ರ ಮೇ ತಿಂಗಳಲ್ಲಿ, ಘಟನೆ ನಡೆದು ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಪಾರ್ಕ್ ಹೂಡಿದ ಪರಿಹಾರದ ದಾವೆಯಲ್ಲಿ ಕೆಳಗಿನ ನ್ಯಾಯಾಲಯ, ಸುಳ್ಳು ಹೇಳಲು ಒತ್ತಾಯಿಸಿದ್ದಕ್ಕಾಗಿ ಕಂಪನಿ 2 ಕೋಟಿ ವಾನ್ ಕೊಡಬೇಕೆಂದಿತು. 2019ರ ನವೆಂಬರ್‌ನಲ್ಲಿ ಹೈಕೋರ್ಟ್ ಅದನ್ನು 7 ಕೋಟಿಗೆ ಏರಿಸಿತು. ಹುದ್ದೆ ಇಳಿಸಿದ್ದು ಅನ್ಯಾಯ ಎಂಬ ಅವರ ವಾದವನ್ನು ಮಾತ್ರ ನ್ಯಾಯಾಲಯ ಒಪ್ಪಲಿಲ್ಲ. ಆ ವೇಳೆಗೆ ಪಾರ್ಕ್ ನೌಕರರ ಹೊಸ ಸಂಘ ಕಟ್ಟುವುದರಲ್ಲಿ ತೊಡಗಿದ್ದರು. 2020ರಲ್ಲಿ ಕಂಪನಿ ಬಿಟ್ಟು, ಜಸ್ಟಿಸ್ ಪಾರ್ಟಿಯ ಅಭ್ಯರ್ಥಿಯಾಗಿ ಸಂಸತ್ತಿನ ಚುನಾವಣೆಗೆ ನಿಂತರು.